ಕತ್ತಲಾದರೆ ನೆಟ್ ಹೋಗುವ ಲೈನ್: ನಾಪೋಕ್ಲು ಕಡೆಯ ಒಂದು ತೋಟದ ಮನೆಯ ಪ್ರಕರಣ

ಈ ದೂರು ಬಂದಾಗ ಅದರ ಜೊತೆಗೇ ಮೂರು ಕಾರಣಗಳೂ ರೆಡಿಯಾಗಿ ಬಂದಿದ್ದವು. ಮೋಡೆಮ್ ಹಾಳಾಗಿದೆ ಅಂತ ಆ ಮನೆಯ ಮಗಳು. ಸಂಜೆ ಎಲ್ಲರೂ ನೆಟ್ ಬಳಸುತ್ತಾರೆ, ಲೋಡ್ ಜಾಸ್ತಿ ಅಂತ ಫೋನಿನಲ್ಲಿ ದೂರು ತೆಗೆದುಕೊಂಡವರು. ಮಡಿಕೇರಿ ಆಕಾಶವಾಣಿ ಟವರ್‌ದೇ ಕಾಟ ಅಂತ ಪಕ್ಕದ ತೋಟದವರು. ಮೂರೂ ಅಲ್ಲ. ಆದರೆ ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ, ಒಂದೊಂದನ್ನೂ ಅಳೆದು ನೋಡಿಯೇ ಬಿಡಬೇಕಾಯಿತು.

ಮನೆ ಇರುವುದು ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದ ಒಳಗೆ, ಸ್ವಲ್ಪ ತಗ್ಗಿನಲ್ಲಿ. ಮೊಬೈಲ್ ಸಿಗ್ನಲ್ ಬೇಕಾದರೆ ಕಾಫಿ ಒಣಗಿಸುವ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಫೈಬರ್ ಅಲ್ಲಿಗೆ ಇನ್ನೂ ಬಂದಿಲ್ಲ. ಇರುವುದು ಹಳೇ ತಾಮ್ರದ ಟೆಲಿಫೋನ್ ಲೈನ್, ಅದರ ಮೇಲೆ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್. ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾರೆ, ಎರಡು ಕೋಣೆ ಹೋಮ್‌ಸ್ಟೇಗೆ ಕೊಟ್ಟಿದ್ದಾರೆ. ಹಾಗಾಗಿ ನೆಟ್ ಹೋದರೆ ಬರೀ ಬೇಜಾರಲ್ಲ, ನಷ್ಟ.

ಎಕ್ಸ್‌ಚೇಂಜಿನಿಂದ ಡಿಪಿ ಬಾಕ್ಸ್‌ವರೆಗೆ ನೆಲದೊಳಗಿನ ಕೇಬಲ್, ಸುಮಾರು 2.3 ಕಿಲೋಮೀಟರ್. ಡಿಪಿ ಅಂದರೆ ದೊಡ್ಡ ಕೇಬಲ್ ಮುಗಿದು ಒಂದೊಂದು ಮನೆಗೆ ಒಂದೊಂದು ಪೇರ್ (ಜೋಡಿ ತಂತಿ) ಬೇರೆಯಾಗುವ ಡಬ್ಬಿ. ಅಲ್ಲಿಂದ ಮನೆಗೆ ಸುಮಾರು 250 ಮೀಟರ್ ಡ್ರಾಪ್ ವೈರ್, ತೋಟದ ರಸ್ತೆ ಪಕ್ಕದ ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಬಂದಿದೆ. ಮರದ ತುಂಬ ಕಾಳುಮೆಣಸಿನ ಬಳ್ಳಿ. ವೈರ್ ಎಲ್ಲಿ ಹೋಗುತ್ತದೆ ಅಂತ ಹುಡುಕುವುದೇ ಒಂದು ಕೆಲಸ.

ದೂರು ಹೀಗೆ. ಮಳೆಗಾಲ ಶುರುವಾದ ಮೇಲೆ ದಿನಾ ಸಂಜೆ ಆರೂವರೆ ಏಳರಿಂದ ನೆಟ್ ಹೋಗಿ ಬರಲು ಶುರು. ರಾತ್ರಿಯಿಡೀ ಅದೇ. ಬೆಳಿಗ್ಗೆ ತಾನಾಗೇ ಸರಿ. ಜೋರು ಮಳೆ ಇದ್ದ ದಿನ ಹಗಲಲ್ಲೂ ಆಗಾಗ ಹೋಗುತ್ತದೆ. ಮೋಡೆಮ್ ಬದಲಾಯಿಸಿ ಆಗಿತ್ತು. ಹೊಸದೂ ಹಾಗೇ ಮಾಡಿತು.

ಟೆಸ್ಟರ್ ತೆಗೆಯುವ ಮೊದಲು

ನಾನು ಹೋದ ತಕ್ಷಣ ಟೆಸ್ಟರ್ ಚುಚ್ಚುವವನಲ್ಲ. ಮೊದಲು ಕೇಳುವುದು ಒಂದೇ: ನೆಟ್ ಹೋದಾಗ ಮೋಡೆಮ್‌ನಲ್ಲಿ ಯಾವ ಲೈಟ್ ಆರುತ್ತದೆ? ಮಗಳು ಗಮನಿಸಿದ್ದರು. ಡಿಎಸ್‌ಎಲ್ ಲೈಟ್ ಮಿನುಗಲು ಶುರುವಾಗುತ್ತದೆ, ಒಂದು ನಿಮಿಷ ಬಿಟ್ಟು ಮತ್ತೆ ಗಟ್ಟಿಯಾಗಿ ಉರಿಯುತ್ತದೆ, ಆಮೇಲೆ ಇಂಟರ್‌ನೆಟ್ ಲೈಟ್ ಬರುತ್ತದೆ.

ಇಷ್ಟಕ್ಕೇ "ಸಂಜೆ ಲೋಡ್ ಜಾಸ್ತಿ" ಅನ್ನುವ ಮಾತು ಬಿದ್ದುಹೋಯಿತು. ಲೋಡ್ ಜಾಸ್ತಿಯಾದರೆ ಡಿಎಸ್‌ಎಲ್ ಲೈಟ್ ಗಟ್ಟಿಯಾಗಿ ಉರಿಯುತ್ತಲೇ ಇರುತ್ತದೆ, ಪೇಜ್ ಮಾತ್ರ ನಿಧಾನ ಬರುತ್ತದೆ. ಡಿಎಸ್‌ಎಲ್ ಲೈಟೇ ಮಿನುಗಿದರೆ ಎಕ್ಸ್‌ಚೇಂಜಿನಲ್ಲಿ ಬ್ರಾಡ್‌ಬ್ಯಾಂಡ್ ಕಳಿಸುವ ಯಂತ್ರವಾದ ಡಿಸ್‌ಲ್ಯಾಮ್‌ಗೂ ಮನೆಯ ಮೋಡೆಮ್‌ಗೂ ನಡುವಿನ ಸಿಂಕ್, ಅಂದರೆ ಸಂಪರ್ಕ, ಕಡಿದಿದೆ ಅಂತ ಅರ್ಥ. ಅದು ತಂತಿಯ ಸಮಸ್ಯೆ, ಊರಿನವರು ಏನು ನೋಡುತ್ತಿದ್ದಾರೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆಕಾಶವಾಣಿ ವಿಷಯವೂ ಹಾಗೇ. ಮಡಿಕೇರಿಯದ್ದು ಎಫ್‌ಎಂ. ಆ ಬ್ಯಾಂಡ್ ಇರುವುದು 88ರಿಂದ 108 ಮೆಗಾಹರ್ಟ್ಝ್ ನಡುವೆ. ಎಡಿಎಸ್‌ಎಲ್‌ನ ಹೊಸ ರೂಪವಾದ ಎಡಿಎಸ್‌ಎಲ್2+ ಮುಗಿಯುವುದೇ 2.2 ಮೆಗಾಹರ್ಟ್ಝ್ ಹತ್ತಿರ. ಇವೆರಡೂ ಭೇಟಿಯಾಗುವ ಪ್ರಶ್ನೆಯೇ ಇಲ್ಲ. ರೇಡಿಯೋದಿಂದ ತೊಂದರೆ ಆಗುವುದಿದ್ದರೆ ಅದು ಮೀಡಿಯಂ ವೇವ್‌ನಿಂದ, ಅದು ಸುಮಾರು 530ರಿಂದ 1600 ಕಿಲೋಹರ್ಟ್ಝ್, ಸರಿಯಾಗಿ ಎಡಿಎಸ್‌ಎಲ್ ಹೊಟ್ಟೆಯೊಳಗೇ ಕೂರುತ್ತದೆ, ಮತ್ತು ಕತ್ತಲಾದ ಮೇಲೆ ದೂರದೂರದ ಸ್ಟೇಷನ್‌ಗಳೂ ಬರುತ್ತವೆ. ಅದನ್ನು ತಲೆಯಲ್ಲಿಟ್ಟುಕೊಂಡೆ.

ಆಮೇಲೆ ಆ ಮನೆಯ ಅಮ್ಮ ಒಂದು ಮಾತು ಹೇಳಿದರು. "ಲ್ಯಾಂಡ್‌ಲೈನಲ್ಲಿ ಮಾತಾಡಿ ಇಟ್ಟರೆ ಸ್ವಲ್ಪ ಹೊತ್ತು ನೆಟ್ ಚೆನ್ನಾಗಿರುತ್ತೆ ಕಣಪ್ಪ. ನಾನು ಹೇಳಿದ್ರೆ ಇವರೆಲ್ಲ ನಗ್ತಾರೆ." ಯಜಮಾನರು ಆಗಲೂ ನಕ್ಕರು. ಆದರೆ ನನಗೆ ಅಷ್ಟೂ ಮಾತುಕತೆಯಲ್ಲಿ ಸಿಕ್ಕ ಅತಿ ಬೆಲೆಯ ಮಾತು ಅದೇ. ರಿಸೀವರ್ ಕೆಳಗಿದ್ದಾಗ ಲೈನಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅನ್ನಬಹುದು, 48 ವೋಲ್ಟ್ ಹತ್ತಿರ ಸುಮ್ಮನೆ ನಿಂತಿರುತ್ತದೆ. ಎತ್ತಿದಾಗ ಹತ್ತಾರು ಮಿಲಿಆಂಪ್ ಹರಿಯುತ್ತದೆ. ರಿಂಗ್ ಬಂದರೆ 75 ವೋಲ್ಟ್ ಸುಮಾರಿನ ಎಸಿ ಬರುತ್ತದೆ. ತುಕ್ಕು ಹಿಡಿದ ಜಾಯಿಂಟ್ ಇದ್ದರೆ ಆ ಕರೆಂಟ್ ಕಿಲುಬಿನ ತೆಳು ಪದರವನ್ನು ಸೀಳಿಕೊಂಡು ಹೋಗುತ್ತದೆ, ಜಾಯಿಂಟ್ ಸ್ವಲ್ಪ ಹೊತ್ತು ಒಳ್ಳೆಯದಾಗುತ್ತದೆ, ಮತ್ತೆ ಪದರ ಕೂರುತ್ತದೆ. ಅಮ್ಮ ನೋಡಿದ್ದು ಅದನ್ನೇ. ಎಲ್ಲೋ ಒಂದು ಕೆಟ್ಟ ಜಾಯಿಂಟ್ ಇದೆ ಅನ್ನುವ ಅನುಮಾನ ಅಲ್ಲೇ ಬಂತು.

ಟೆಸ್ಟ್ ಫೋನ್ ಕಿವಿಗಿಟ್ಟೆ. ಹಗಲು, ಸಣ್ಣ ಹಮ್ ಇತ್ತು, ಬೇರೇನಿಲ್ಲ. "ರಾತ್ರಿ ಟಿಕ್ ಟಿಕ್ ಅನ್ನುತ್ತೆ" ಅಂದರು ಯಜಮಾನರು. ಎಷ್ಟು ಬೇಗ ಬೇಗ? "ಗಡಿಯಾರದ ಹಾಗೆ." ಸರಿ, ಅದೂ ಒಂದು ಸುಳಿವು.

ಎರಡು ಜಾಗ, ಎರಡು ಹೊತ್ತು

ಕೈಲಿ ಹಿಡಿಯುವ ಎಡಿಎಸ್‌ಎಲ್ ಟೆಸ್ಟರ್ ಮೋಡೆಮ್ ಜಾಗದಲ್ಲಿ ತಾನೇ ಕೂತು ಸಿಂಕ್ ಆಗುತ್ತದೆ, ಆಮೇಲೆ ನಂಬರ್ ತೋರಿಸುತ್ತದೆ. ಹೆಚ್ಚಿನವರು ನೋಡುವುದು ಸಿಂಕ್ ಸ್ಪೀಡ್ ಒಂದನ್ನೇ. ಈ ಮನೆಯಲ್ಲಿ ಅದು 4096 ಕೆಬಿಪಿಎಸ್, ಪ್ಲಾನ್‌ನಲ್ಲಿ ಹೇಳಿದ್ದಕ್ಕೆ ಸರಿಯಾಗಿ. "ಲೈನ್ ಓಕೆ" ಅಂತ ಬರೆದು ಹೋಗಲು ಇಷ್ಟು ಸಾಕು, ಮೊದಲು ಬಂದವರು ಹಾಗೇ ಬರೆದು ಹೋಗಿದ್ದರಂತೆ. ಆದರೆ 4096 ಅನ್ನುವುದು ಡಿಸ್‌ಲ್ಯಾಮ್‌ನಲ್ಲಿ ಹಾಕಿರುವ ಬೇಲಿ. ಲೈನ್ ಅದಕ್ಕಿಂತ ಎಷ್ಟು ಮೇಲೆ ಹೋಗಬಲ್ಲದು ಅಂತ ತಿಳಿಯಲು ಅಟೇನಬಲ್ ರೇಟ್ ನೋಡಬೇಕು, ಎಷ್ಟು ಗದ್ದಲ ತಡೆಯಬಲ್ಲದು ಅಂತ ತಿಳಿಯಲು ಎಸ್‌ಎನ್‌ಆರ್ ಮಾರ್ಜಿನ್ ನೋಡಬೇಕು. ಮಾರ್ಜಿನ್ ಸಾಮಾನ್ಯವಾಗಿ 6 ಡಿಬಿ (ಡೆಸಿಬಲ್) ಇರಲಿ ಅಂತ ಇಟ್ಟಿರುತ್ತಾರೆ. ಅದಕ್ಕಿಂತ ಕೆಳಗೆ ಬಂದರೆ ಸಿಂಕ್ ಯಾವಾಗ ಬೇಕಾದರೂ ಬೀಳಬಹುದು.

ಮನೆಯೊಳಗೆ, ಫೋನ್ ತಂತಿ ಬಂದು ಸೇರುವ ರೋಸೆಟ್ ಡಬ್ಬಿಯಲ್ಲಿ, ಒಳಗಿನ ವೈರಿಂಗ್ ಎಲ್ಲ ಬಿಚ್ಚಿ, ಡ್ರಾಪ್ ವೈರಿಗೆ ನೇರವಾಗಿ ಕ್ಲಿಪ್ ಹಾಕಿದೆ. ಹಗಲು ಸಿಕ್ಕಿದ್ದು: ಡೌನ್‌ಸ್ಟ್ರೀಮ್ ಅಟೆನ್ಯುಯೇಶನ್ (ಮನೆಗೆ ಬರುವ ಸಿಗ್ನಲ್ ದಾರಿಯಲ್ಲಿ ಎಷ್ಟು ಕುಗ್ಗಿದೆ ಅನ್ನುವ ಅಳತೆ) 40 ಡಿಬಿ, ಮಾರ್ಜಿನ್ 11, ಅಟೇನಬಲ್ 6.5 ಎಂಬಿಪಿಎಸ್ ಆಸುಪಾಸು. ನೋಡಲು ಏನೂ ತಪ್ಪಿಲ್ಲ.

ಲೈನ್‌ಮ್ಯಾನ್ ಅಣ್ಣ ಜೊತೆಗಿದ್ದರು. ಡಿಪಿ ತೆರೆಯುವುದು ಅವರ ಕೆಲಸ, ನನ್ನದಲ್ಲ. ಇಬ್ಬರೂ ಡಿಪಿಗೆ ನಡೆದೆವು, ಜಿಗಣೆ ಕಾಟದಲ್ಲಿ 250 ಮೀಟರ್ ಬಹಳ ಉದ್ದ. ಅದೇ ಪೇರ್‌ಗೆ, ಮನೆ ಕಡೆಯ ತಂತಿ ಬಿಚ್ಚಿಟ್ಟು, ಟೆಸ್ಟರ್ ಹಾಕಿದರೆ: ಅಟೆನ್ಯುಯೇಶನ್ 32, ಮಾರ್ಜಿನ್ 19, ಅಟೇನಬಲ್ 10 ಎಂಬಿಪಿಎಸ್ ದಾಟಿತು.

ಇಲ್ಲಿ ಸ್ವಲ್ಪ ಲೆಕ್ಕ. ಇಂಥ ಕೇಬಲ್‌ನಲ್ಲಿ ಕಿಲೋಮೀಟರಿಗೆ ಸುಮಾರು 13.8 ಡಿಬಿ ಅಂತ ಒಂದು ಅಂದಾಜು ಇಟ್ಟುಕೊಳ್ಳುತ್ತಾರೆ. 2.3 ಕಿಲೋಮೀಟರಿಗೆ 31.7. ಡಿಪಿಯಲ್ಲಿ 32 ಬಂತು, ಅಂದರೆ ಎಕ್ಸ್‌ಚೇಂಜಿನಿಂದ ಡಿಪಿವರೆಗಿನ ಕೇಬಲ್ ಚೊಕ್ಕ. ಮುಂದಿನ 250 ಮೀಟರಿಗೆ ಮೂರೂವರೆ ಡಿಬಿ ಸೇರಬೇಕು, ಮನೆಯಲ್ಲಿ 35 ಅಥವಾ 36 ಬರಬೇಕು. ಬಂದಿರುವುದು 40. ನಾಲ್ಕೈದು ಡಿಬಿ ಎಲ್ಲೋ ದಾರಿಯಲ್ಲಿ ಸೋರಿದೆ. 2.3 ಕಿಲೋಮೀಟರ್ ಅಗೆಯುವ ಚಿಂತೆ ಹೋಯಿತು. ತಪ್ಪು ಇರುವುದು ಕಣ್ಣಿಗೆ ಕಾಣುವ, ಮರದ ಮೇಲಿನ 250 ಮೀಟರಿನಲ್ಲಿ.

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಇದನ್ನು ಮಾಡುವವರು ಕಡಿಮೆ. ಮನೆಯಲ್ಲಿ ಮಾತ್ರ ಅಳೆದರೆ ಒಂದು ನಂಬರ್ ಸಿಗುತ್ತದೆ, ಅದು ಒಳ್ಳೆಯದೋ ಕೆಟ್ಟದೋ ಅಂತ ಗೊತ್ತಾಗುವುದಿಲ್ಲ. 40 ಡಿಬಿ ಅನ್ನುವುದು 2.9 ಕಿಲೋಮೀಟರ್ ದೂರದ ಮನೆಗೆ ಸರಿಯಾದ ನಂಬರ್. ಈ ಮನೆಗೆ ಅಲ್ಲ. ಡಿಪಿಯಲ್ಲಿ ಅಳೆದ ಮೇಲೆಯೇ ಆ 40ಕ್ಕೆ ಅರ್ಥ ಬಂದಿದ್ದು.

ಇನ್ನೊಂದು, ಹೊತ್ತು. ದೂರು ರಾತ್ರಿಯದ್ದು, ನಾವೆಲ್ಲ ಹೋಗುವುದು ಹಗಲು. ಯಜಮಾನರು ಊಟಕ್ಕೆ ಇರಿ ಅಂದರು, ಉಳಿದೆ. ಕತ್ತಲಾದ ಮೇಲೆ ಮನೆಯಲ್ಲಿ ಮಾರ್ಜಿನ್ 11ರಿಂದ 4ಕ್ಕೆ ಬಿತ್ತು, ಒಮ್ಮೊಮ್ಮೆ 3. ಟಾರ್ಚ್ ಹಿಡಿದು ಡಿಪಿಗೆ ಹೋಗಿ ನೋಡಿದರೆ ಅಲ್ಲಿ 19 ಇದ್ದದ್ದು 17.5 ಆಗಿತ್ತು. ಆ ಒಂದೂವರೆ ಡಿಬಿ ರಾತ್ರಿಯ ಮೀಡಿಯಂ ವೇವ್ ಗದ್ದಲ ಅಂತ ಬಿಟ್ಟುಬಿಡಬಹುದು, ಎಲ್ಲ ಲೈನಿನಲ್ಲೂ ಅಷ್ಟಿಷ್ಟು ಇರುವುದೇ. ಆದರೆ 250 ಮೀಟರ್ ದೂರದಲ್ಲಿ ಅದೇ ಲೈನ್ 7 ಡಿಬಿ ಕಳೆದುಕೊಳ್ಳುತ್ತದೆ ಅಂದರೆ ಆ ತುಂಡು ತಂತಿ ಆಂಟೆನಾ ಆಗಿದೆ.

ಟೆಸ್ಟರಿನ ಸಿಆರ್‌ಸಿ ಕೌಂಟರ್ ತೆರೆದು ಜಗಲಿಯಲ್ಲಿ ಕೂತೆ. ಸಿಆರ್‌ಸಿ ಅಂದರೆ ಬಂದ ಡೇಟಾದಲ್ಲಿ ಸರಿಪಡಿಸಲಾಗದೆ ಉಳಿದ ತಪ್ಪುಗಳ ಎಣಿಕೆ. ಹಗಲು ಅದು ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಂತಿತ್ತು. ಈಗ ಒಂದು, ಎರಡು, ಮೂರು ಅಂತ ಏರುತ್ತಿದೆ, ಅದೂ ತಾಳ ಹಾಕಿದ ಹಾಗೆ, ಒಂದೇ ಸಮ ಅಂತರದಲ್ಲಿ. 15 ನಿಮಿಷ ಬಿಟ್ಟು ನೋಡಿದರೆ 700 ದಾಟಿತ್ತು. ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಕಡಿಮೆ ಅಂದಂತಾಯಿತು. ಟೆಸ್ಟ್ ಫೋನ್ ಕಿವಿಗಿಟ್ಟರೆ ಟಿಕ್, ಟಿಕ್. ಟಿಕ್ ಅಂದಾಗಲೆಲ್ಲ ನಂಬರ್ ಒಂದು ಮೇಲೆ. ಮೀಡಿಯಂ ವೇವ್ ಹೀಗೆ ಟಿಕ್ ಅನ್ನುವುದಿಲ್ಲ.

ಕೊಡಗಿನಲ್ಲಿ ಸೆಕೆಂಡಿಗೊಮ್ಮೆ ಟಿಕ್ ಅನ್ನುವುದು ಏನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಆನೆ ಬೇಲಿ. ಸೋಲಾರ್ ಬೇಲಿಯ ಎನರ್ಜೈಸರ್ ಕೆಲವು ಸಾವಿರ ವೋಲ್ಟಿನ ಚಿಕ್ಕ ಪಲ್ಸ್‌ಗಳನ್ನು ತಂತಿಗೆ ಬಿಡುತ್ತದೆ, ಎರಡು ಪಲ್ಸ್ ನಡುವೆ ಕನಿಷ್ಠ ಒಂದು ಸೆಕೆಂಡ್ ಅಂತರ ಇರಬೇಕು ಅಂತ ನಿಯಮ, ಮುಟ್ಟಿದವರಿಗೆ ಕೈ ಬಿಡಿಸಿಕೊಳ್ಳಲು ಹೊತ್ತು ಸಿಗಲಿ ಅಂತ.

"ಬೇಲಿ ಎಷ್ಟು ಹೊತ್ತಿಗೆ ಹಾಕ್ತೀರಿ ಸರ್?"

"ಆರೂವರೆ, ಏಳು. ಬೆಳಿಗ್ಗೆ ಕೆಲಸದವರು ಬರೋ ಮೊದಲು ತೆಗೀತೀವಿ."

ಹತ್ತು ನಿಮಿಷ ಆಫ್ ಮಾಡಲು ಕೇಳಿದೆ. ಅವರಿಗೆ ಇಷ್ಟ ಇರಲಿಲ್ಲ, ಹಿಂದಿನ ವಾರವಷ್ಟೇ ಕೆಳಗಿನ ಗದ್ದೆ ಕಡೆ ಆನೆ ಬಂದು ಬಾಳೆ ಮುರಿದಿತ್ತು. ಆದರೂ ಹುಡುಗನನ್ನು ಕಳಿಸಿದರು. ಸ್ವಿಚ್ ಆಫ್ ಆದ ಕ್ಷಣ ಟಿಕ್ ನಿಂತಿತು, ಸಿಆರ್‌ಸಿ ನಿಂತಿತು, ಮಾರ್ಜಿನ್ ನಿಧಾನಕ್ಕೆ 8 ದಾಟಿತು. ಮತ್ತೆ ಆನ್, ಮತ್ತೆ ಶುರು. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. "ಹಾಗಾದ್ರೆ ನೆಟ್ ಬೇಕೋ ಆನೆ ಬೇಲಿ ಬೇಕೋ ಅಂತ ಆಯ್ತಲ್ಲ" ಅಂದರು ಮಗಳು.

ಅಲ್ಲಿಗೆ ನಿಲ್ಲಿಸಿದ್ದರೆ ಕೇಸ್ ಮುಗಿಯುತ್ತಿತ್ತು, ತಪ್ಪಾಗಿ. ನಾನು ಕೇಳಿದೆ: ಬೇಲಿ ಹಾಕಿ ಎಷ್ಟು ಕಾಲವಾಯಿತು? ಮೂರನೇ ವರ್ಷ. ನೆಟ್ ತೊಂದರೆ ಈ ಮಳೆಗಾಲದಿಂದ. ಅಂದರೆ ಎರಡು ಮಳೆಗಾಲ ಇದೇ ಬೇಲಿ, ಇದೇ ಟಿಕ್, ಇದೇ ತಂತಿಯ ಪಕ್ಕದಲ್ಲಿ ಇದ್ದೂ ನೆಟ್ ಓಡಿದೆ. ಹಾಗಾದರೆ ಬೇಲಿ ಗದ್ದಲ ಮಾಡುತ್ತಿದೆ ಸರಿ, ಆ ಗದ್ದಲಕ್ಕೆ ಬಾಗಿಲು ತೆರೆದವರು ಯಾರು?

ತಾಮ್ರದ ಕಥೆ

ಟೆಲಿಫೋನ್ ಪೇರ್‌ನಲ್ಲಿ ಎರಡು ತಂತಿ ಒಂದಕ್ಕೊಂದು ಸುತ್ತಿಕೊಂಡು ಹೋಗುವುದಕ್ಕೆ ಕಾರಣ ಇದೆ. ಹೊರಗಿನ ಗದ್ದಲ ಎರಡಕ್ಕೂ ಸಮಸಮ ತಗಲುತ್ತದೆ. ಮೋಡೆಮ್ ನೋಡುವುದು ಎರಡರ ನಡುವಿನ ವ್ಯತ್ಯಾಸ ಮಾತ್ರ. ಎರಡರಲ್ಲೂ ಒಂದೇ ಇದ್ದರೆ ವ್ಯತ್ಯಾಸ ಸೊನ್ನೆ, ಗದ್ದಲ ಕಾಣುವುದೇ ಇಲ್ಲ. ಆದರೆ ಒಂದು ಕಾಲಿನಲ್ಲಿ, ನಾವು ತಂತಿಗೆ ಕಾಲು ಅಂತಲೇ ಅನ್ನುವುದು, ಕೆಟ್ಟ ಜಾಯಿಂಟ್ ಇದ್ದರೆ ಸಮ ತಪ್ಪುತ್ತದೆ. ಆಗ ಗದ್ದಲದ ಒಂದು ಪಾಲು ವ್ಯತ್ಯಾಸವಾಗಿ ಮೋಡೆಮ್‌ಗೆ ಬಂದೇ ಬರುತ್ತದೆ.

ಇದನ್ನು ನೋಡಲು ಟೆಸ್ಟರಿನ ಮಲ್ಟಿಮೀಟರ್ ಭಾಗ ಸಾಕು. ಮರುದಿನ ಹಗಲಲ್ಲಿ ಶುರು ಮಾಡಿದೆವು. ಮೊದಲು ವೋಲ್ಟೇಜ್. ಮನೆಯಲ್ಲಿ ಡಿಸಿ 47 ವೋಲ್ಟ್, ಚೆನ್ನಾಗಿದೆ. ಇದನ್ನು ನೋಡಿ ಯಾರೂ ಸಮಾಧಾನ ಪಡಬಾರದು. ಕರೆಂಟ್ ಹರಿಯದೆ ಇರುವಾಗ ಎಷ್ಟೇ ಕೆಟ್ಟ ಜಾಯಿಂಟ್ ಇದ್ದರೂ ವೋಲ್ಟೇಜ್ ಪೂರ್ತಿ ತೋರಿಸುತ್ತದೆ. ಆಮೇಲೆ ಒಂದೊಂದು ಕಾಲಿನಿಂದ ಅರ್ತ್‌ಗೆ ಎಸಿ ವೋಲ್ಟೇಜ್. ತೋಟದ ರಸ್ತೆ ಪಕ್ಕ ಕರೆಂಟ್ ಲೈನ್ ಹೋಗುತ್ತದಲ್ಲ, ಅದರಿಂದ ಸ್ವಲ್ಪ ಇಂಡಕ್ಷನ್ ಇದ್ದೇ ಇರುತ್ತದೆ, ಎಷ್ಟಿದೆ ಅನ್ನುವುದಕ್ಕಿಂತ ಎರಡರಲ್ಲೂ ಒಂದೇ ಇದೆಯಾ ಅನ್ನುವುದು ಮುಖ್ಯ. ಒಂದರಲ್ಲಿ 4 ವೋಲ್ಟ್, ಇನ್ನೊಂದರಲ್ಲಿ 11. ಸಮ ತಪ್ಪಿದೆ.

ಈಗ ಲೂಪ್ ರೆಸಿಸ್ಟೆನ್ಸ್. ಇದನ್ನು ಲೈವ್ ಲೈನ್ ಮೇಲೆ ಮಾಡಬಾರದು, ರೀಡಿಂಗ್ ಸುಳ್ಳು ಬರುತ್ತದೆ, ನಡುವೆ ರಿಂಗ್ ಬಂದರೆ ಮೀಟರಿಗೂ ಒಳ್ಳೆಯದಲ್ಲ. ಡಿಪಿಯಲ್ಲಿ ಡ್ರಾಪ್ ವೈರ್ ಬಿಚ್ಚಿ, ಮನೆಯ ತುದಿಯಲ್ಲಿ ಎರಡು ಕಾಲನ್ನೂ ಮೊಸಳೆ ಕ್ಲಿಪ್‌ನಿಂದ ಶಾರ್ಟ್ ಮಾಡಿ, ಡಿಪಿ ಕಡೆಯಿಂದ ಅಳೆದೆವು. 0.5 ಮಿಲಿಮೀಟರ್ ತಾಮ್ರ, 250 ಮೀಟರ್, ಹೋಗಿ ಬರುವ ದಾರಿ ಎರಡೂ ಸೇರಿ 44 ಓಮ್ ಸುಮಾರು ಬರಬೇಕು. ಬಂದದ್ದು 190, ಅದೂ ನಿಲ್ಲದೆ ಕುಣಿಯುತ್ತಿತ್ತು.

ಹೆಚ್ಚುವರಿ 146 ಓಮ್. ಎಡಿಎಸ್‌ಎಲ್ ಸಿಗ್ನಲ್‌ಗೆ ಈ ಲೈನ್ ನೂರು ಓಮ್ ಇಂಪೀಡೆನ್ಸಿನದ್ದು (ಈಗ ಅಳೆದ ಲೂಪ್ ರೆಸಿಸ್ಟೆನ್ಸ್ ಬೇರೆ), ಅದರ ನಡುವೆ 146 ಓಮ್ ಸಿಕ್ಕಿಸಿದರೆ ಎಷ್ಟು ಡಿಬಿ ನಷ್ಟ ಅಂತ ಲೆಕ್ಕ ಹಾಕಿದರೆ ಐದರ ಹತ್ತಿರ ಬರುತ್ತದೆ. ಅಟೆನ್ಯುಯೇಶನ್‌ನಲ್ಲಿ ಕಾಣೆಯಾಗಿದ್ದ ಆ ನಾಲ್ಕೈದು ಡಿಬಿ ಇದೇ. ಎರಡು ಬೇರೆ ಬೇರೆ ಪರೀಕ್ಷೆ ಒಂದೇ ಕಡೆ ಬೆರಳು ತೋರಿಸಿದಾಗ ಸಿಗುವ ಧೈರ್ಯ ಬೇರೆಯೇ, ಅಲ್ವಾ.

ಜಾಗ ಹುಡುಕಿದ್ದು ಹಳೇ ವಿಧಾನದಲ್ಲಿ. ನಾನು ಡಿಪಿಯಲ್ಲಿ ಮೀಟರ್ ನೋಡುತ್ತಾ ನಿಂತೆ, ಲೈನ್‌ಮ್ಯಾನ್ ಅಣ್ಣ ಉದ್ದ ಕೋಲು ಹಿಡಿದು ಮರದಿಂದ ಮರಕ್ಕೆ ತಂತಿ ಅಲ್ಲಾಡಿಸುತ್ತಾ ಹೋದರು. ಮೊಬೈಲ್ ಸಿಗ್ನಲ್ ಇಲ್ಲ, ಕೂಗಾಟವೇ ಗತಿ. ಅರ್ಧ ದಾರಿ ದಾಟಿದ ಮೇಲೆ ಒಂದು ಮರದ ಹತ್ತಿರ 190 ಇದ್ದದ್ದು 70ಕ್ಕೆ ಇಳಿದು 400ಕ್ಕೆ ಹಾರಿತು. "ಅಲ್ಲೇ, ಅಲ್ಲೇ!" ಅಂತ ಕೂಗಿದೆ.

ಕೊಂಬೆಯ ಕವಲಿನಲ್ಲಿ, ಮೆಣಸಿನ ಬಳ್ಳಿಯ ಕೆಳಗೆ, ಕರೀ ಟೇಪ್ ಸುತ್ತಿದ ಗಂಟು. ಟೇಪ್ ಬಿಚ್ಚಿದರೆ ಒಳಗಿನಿಂದ ನೀರು ತೊಟ್ಟಿಕ್ಕಿತು. ಎರಡು ಕಾಲನ್ನೂ ಕೈಯಲ್ಲಿ ತಿರುಚಿ ಜೋಡಿಸಿದ್ದರು, ಪಕ್ಕಪಕ್ಕದಲ್ಲೇ, ನಡುವೆ ಟೇಪಿನ ಒಂದು ಸುತ್ತು ಮಾತ್ರ. ಒಂದರ ತಿರುಚು ಬಿಗಿಯಾಗಿತ್ತು. ಇನ್ನೊಂದರಲ್ಲಿ ಪ್ಲಾಸ್ಟಿಕ್ ಪೂರ್ತಿ ಸುಲಿಯದೆ ಹಾಗೇ ತಿರುಚಿದ್ದರು, ಎರಡೇ ಸುತ್ತು, ತಾಮ್ರದ ಮೇಲೆಲ್ಲ ಹಸಿರು ಪುಡಿ, ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಮುಟ್ಟಿದರೆ ಅಲ್ಲಾಡುವ ಹಾಗಿತ್ತು.

ಇದು ಯಾವಾಗಿನದ್ದು ಅಂತ ಯಜಮಾನರಿಗೆ ಆಮೇಲೆ ನೆನಪಾಯಿತು. ಮಳೆಗೆ ಮೊದಲು ಮರಕಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸಿದ್ದರು. ಆಗ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಕಡಿದಿತ್ತು, ಕೆಲಸದವರು ಅವತ್ತೇ ಜೋಡಿಸಿ ಟೇಪ್ ಸುತ್ತಿದ್ದರು. ಫೋನ್ ರಿಂಗ್ ಆಯಿತು, ಮಾತು ಕೇಳಿಸಿತು, ವಿಷಯ ಮುಗಿಯಿತು. ಅವರದ್ದೇನೂ ತಪ್ಪಿಲ್ಲ. ಮಾತಾಡಲು ಇಂಥ ಗಂಟು ಸಾಕು. ಬ್ರಾಡ್‌ಬ್ಯಾಂಡಿಗೆ ಸಾಲದು.

ಗಂಟು ಬಿಚ್ಚುವ ಮೊದಲು ಇನ್ನೊಂದು ಅಳತೆ ತೆಗೆದಿದ್ದೆ. ಎರಡೂ ತುದಿ ಬಿಚ್ಚಿಟ್ಟು ಕಾಲು ಕಾಲಿನ ನಡುವೆ ಇನ್ಸುಲೇಶನ್ ನೋಡಿದರೆ ಬರೀ 80 ಕಿಲೋಓಮ್, ಅಂದರೆ ಒದ್ದೆ ಗಂಟಿನಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ಸೋರುತ್ತಿತ್ತು. ಒಳ್ಳೆಯ ತುಂಡು ಡ್ರಾಪ್ ವೈರ್‌ನಲ್ಲಿ ಮೆಗಾಓಮ್‌ಗಳಲ್ಲಿ ಇರಬೇಕು. ಹಗಲಲ್ಲೂ ಜೋರು ಮಳೆ ಬಂದಾಗ ನೆಟ್ ಹೋಗುತ್ತಿದ್ದದ್ದು ಇದರಿಂದ.

ಇನ್ನು ಬೇಲಿ. ಡ್ರಾಪ್ ವೈರ್ ಜೊತೆಗೇ, ಅದೇ ಮರದ ಸಾಲಿನಲ್ಲಿ, ಸುಮಾರು ನೂರು ಮೀಟರ್ ಬೇಲಿ ಹೋಗಿತ್ತು. ಮಳೆಗೆ ಹುಲ್ಲು, ಬಳ್ಳಿ ಬೆಳೆದು ಬೇಲಿ ತಂತಿಗೆ ತಗಲಿದ್ದವು. ರಾತ್ರಿ ನೋಡಿದರೆ ಅಲ್ಲಲ್ಲಿ ಸಣ್ಣ ಕಿಡಿ. ಕಿಡಿ ಹಾರಿದರೆ ಎಲ್ಲ ಫ್ರೀಕ್ವೆನ್ಸಿಯಲ್ಲೂ ಗದ್ದಲ ಹರಡುತ್ತದೆ, ಬರೀ ಪಲ್ಸ್‌ಗಿಂತ ಅದು ಕೆಟ್ಟದ್ದು.

ಒಂದು ಬದಲಾವಣೆ, ಒಂದು ಅಳತೆ

ಎಲ್ಲವನ್ನೂ ಒಟ್ಟಿಗೆ ಸರಿ ಮಾಡಿಬಿಟ್ಟರೆ ಯಾವುದರಿಂದ ಎಷ್ಟು ಲಾಭ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಜಾಯಿಂಟ್ ಒಂದನ್ನೇ ಮುಟ್ಟಿದೆವು. ಹಳೇ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಹಿಂದೆ ಹೋಗಿ, ಜೆಲ್ ತುಂಬಿದ ಕನೆಕ್ಟರ್‌ನಲ್ಲಿ ಒತ್ತಿದೆವು. ತಂತಿ ಇದ್ದಲ್ಲೇ ಇತ್ತು, ಬೇಲಿ ಇದ್ದಲ್ಲೇ ಇತ್ತು.

ಲೂಪ್ 46 ಓಮ್, ನಿಂತ ನೀರಿನ ಹಾಗೆ ಸ್ಥಿರ. ಮನೆಯಲ್ಲಿ ಅಟೆನ್ಯುಯೇಶನ್ 35.5. ಹಗಲಿನ ಮಾರ್ಜಿನ್ 15. ರಾತ್ರಿ ಬೇಲಿ ಆನ್ ಇದ್ದಾಗಲೂ 11, ಮತ್ತು 15 ನಿಮಿಷಕ್ಕೆ ಸಿಆರ್‌ಸಿ 700ರಿಂದ 40ಕ್ಕೆ ಇಳಿಯಿತು. ಬೇಲಿಯ ಒಂದು ತಂತಿಯನ್ನೂ ಮುಟ್ಟದೆ. ಮಗಳು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು, ನೆಟ್ಟೂ ಇರಲಿ, ಬೇಲಿಯೂ ಇರಲಿ.

ನಡುವೆ ಗ್ರಾಫ್‌ನಲ್ಲಿ ಒಂದು ಹಳ್ಳ ಕಂಡಿತ್ತು. ಎಡಿಎಸ್‌ಎಲ್ ತನ್ನ ಬ್ಯಾಂಡನ್ನು 4.3125 ಕಿಲೋಹರ್ಟ್ಝ್ ಅಗಲದ ಸಣ್ಣ ಟೋನ್‌ಗಳಾಗಿ ಹಂಚಿಕೊಳ್ಳುತ್ತದೆ, ಎಡಿಎಸ್‌ಎಲ್2+ನಲ್ಲಿ 512. ಟೆಸ್ಟರ್ ಒಂದೊಂದು ಟೋನ್‌ನ ಎಸ್‌ಎನ್‌ಆರ್ ಗ್ರಾಫ್ ತೋರಿಸುತ್ತದೆ. ಅದು ಎಡದಿಂದ ಬಲಕ್ಕೆ ನಿಧಾನವಾಗಿ ಇಳಿಯಬೇಕು. ಇಲ್ಲಿ 226ನೇ ಟೋನ್ ಸುತ್ತ ಗುಂಡಿ ಬಿದ್ದು ಮತ್ತೆ ಎದ್ದಿತ್ತು. ರೇಡಿಯೋ ಸ್ಟೇಷನ್ ಆಗಿದ್ದರೆ ಸೂಜಿಯ ಹಾಗೆ ಚೂಪಾಗಿ ಒಂದೆರಡು ಟೋನ್ ಮಾತ್ರ ಹೋಗುತ್ತಿತ್ತು. ಅಗಲವಾದ ಗುಂಡಿ ಅಂದರೆ ಎಲ್ಲೋ ಒಂದು ಕವಲು ತಂತಿ ತುದಿ ಬಿಚ್ಚಿಕೊಂಡು ನೇತಾಡುತ್ತಿದೆ. 226 ಗುಣಿಸು 4.3125, ಅಂದರೆ 975 ಕಿಲೋಹರ್ಟ್ಝ್. ಆ ಅಲೆಯ ಉದ್ದದ ಕಾಲು ಭಾಗ ಎಷ್ಟೋ ಅಷ್ಟು ಉದ್ದದ ಕವಲು. ತಂತಿಯಲ್ಲಿ ಸಿಗ್ನಲ್ ಬೆಳಕಿನ ವೇಗದ ಮೂರನೇ ಎರಡರಷ್ಟು ಓಡುತ್ತದೆ ಅಂತ ಇಟ್ಟುಕೊಂಡರೆ 50 ಮೀಟರ್. "ಮನೆಯಿಂದ 50 ಮೀಟರ್ ದೂರಕ್ಕೆ ಹಿಂದೆ ಯಾವತ್ತಾದರೂ ಫೋನ್ ಎಳೆದಿದ್ದಿರಾ ಸರ್?" ಅಂದೆ. ತೋಟದ ಲೆಕ್ಕ ಬರೆಯುವ ರೈಟರ್ ಮನೆಗೆ ಒಂದು ಎಕ್ಸ್‌ಟೆನ್ಶನ್ ಇತ್ತಂತೆ. ಫೋನ್ ಯಾವತ್ತೋ ತೆಗೆದಿದ್ದಾರೆ, ತಂತಿ ಗೋಡೌನ್ ಹಿಂದಿನ ಗೋಡೆಗೆ ಹಾಗೇ ಇದೆ. ಸೂರಿನ ಕೆಳಗೆ ಡ್ರಾಪ್ ವೈರ್‌ಗೆ ಜೋಡಿಸಿದ್ದಲ್ಲೇ ಕತ್ತರಿಸಿದೆವು, ಗುಂಡಿ ಮಾಯ. ಇದು ನೆಟ್ ಬೀಳಿಸುತ್ತಿದ್ದ ತಪ್ಪಲ್ಲ, ಆದರೆ ಸಿಕ್ಕಿದ್ದನ್ನು ಬಿಡುವುದು ಯಾಕೆ.

ಕೊನೆಗೆ ಡ್ರಾಪ್ ವೈರನ್ನೇ ಹೊಸದಾಗಿ ಹಾಕಿದರು, ನಡುವೆ ಜಾಯಿಂಟ್ ಇಲ್ಲದ ಒಂದೇ ಉದ್ದ, ತೋಟದ ರಸ್ತೆಯ ಆ ಕಡೆಯ ಸಾಲಿನಲ್ಲಿ. ಬೇಲಿಗೂ ಅದಕ್ಕೂ ಈಗ ರಸ್ತೆಯಷ್ಟು ಅಂತರ. ಎಲ್ಲಾದರೂ ದಾಟಬೇಕಾದರೆ ನೇರವಾಗಿ ಅಡ್ಡ ದಾಟಬೇಕು, ಪಕ್ಕಪಕ್ಕದಲ್ಲಿ ಓಡಬಾರದು. ಕೆಲಸ ಮುಗಿಯುವವರೆಗೆ ಬೇಲಿ ಆಫ್ ಇರಬೇಕು, ಸ್ವಿಚ್ ಹತ್ತಿರ ಒಬ್ಬ ನಿಂತಿರಬೇಕು ಅಂತ ಲೈನ್‌ಮ್ಯಾನ್ ಅಣ್ಣ ಹಟ ಹಿಡಿದರು. ಸರಿಯೇ. ಕೆಳಗೆ ಬಿಟ್ಟ ಡ್ರಾಪ್ ವೈರ್ ಬೇಲಿ ತಂತಿಯ ಮೇಲೆ ಬಿದ್ದರೆ ಸಾವಿರಾರು ವೋಲ್ಟ್ ಅವರ ಕೈಗೂ ಬರುತ್ತದೆ, ಡಿಪಿಗೂ ಹೋಗುತ್ತದೆ.

ಬೇಲಿಯ ಅರ್ತ್ ರಾಡ್ ಮನೆಯ ಅರ್ತ್ ಗುಂಡಿಗೆ ಒಂದೆರಡು ಹೆಜ್ಜೆ ದೂರದಲ್ಲೇ ಇತ್ತು. ಕರೆಂಟಿನ ಅಥವಾ ಟೆಲಿಫೋನಿನ ಅರ್ತ್‌ನಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಯಜಮಾನರು ಅದನ್ನು ಕೆಳಗೆ ಒದ್ದೆ ಮಣ್ಣಿಗೆ ಸ್ಥಳಾಂತರ ಮಾಡಿಸಿದರು, ಬೇಲಿ ಬುಡದ ಹುಲ್ಲು ಸವರಿಸಿದರು. ಇದರಿಂದ ಬೇಲಿಯ ಹೊಡೆತವೂ ಜೋರಾಯಿತು ಅಂತ ಅವರಿಗೆ ನೆಟ್‌ಗಿಂತ ಅದೇ ಖುಷಿ.

ಎಲ್ಲ ಮುಗಿದ ಮೇಲೆ ಮನೆಯಲ್ಲಿ: ಹಗಲು ಮಾರ್ಜಿನ್ 16, ರಾತ್ರಿ ಬೇಲಿ ಆನ್ ಇದ್ದು 14, ಅಟೇನಬಲ್ 9 ಎಂಬಿಪಿಎಸ್ ಚಿಲ್ಲರೆ, 15 ನಿಮಿಷಕ್ಕೆ ಸಿಆರ್‌ಸಿ ಐದರ ಒಳಗೆ. ಕಾಲಿನಿಂದ ಅರ್ತ್‌ಗೆ ಎಸಿ ಎರಡರಲ್ಲೂ 6 ವೋಲ್ಟ್ ಹತ್ತಿರ, ಸಮ. ಈ ನಂಬರ್‌ಗಳನ್ನು, ಡಿಪಿಯದ್ದನ್ನೂ ಸೇರಿಸಿ, ರೋಸೆಟ್ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಟ್ಟೆ. ಮುಂದೆ ಯಾರು ಬಂದರೂ ಹೋಲಿಸಿ ನೋಡಲು ಏನಾದರೂ ಇರಲಿ.

ಉಳಿದ ಆ ಐದು ಸಿಆರ್‌ಸಿ ಬಗ್ಗೆ ಮಗಳು ಕೇಳಿದರು, ಸೊನ್ನೆ ಮಾಡಲು ಆಗುವುದಿಲ್ಲವಾ ಅಂತ. ಲೈನ್ ಫಾಸ್ಟ್ ಪ್ರೊಫೈಲ್‌ನಲ್ಲಿತ್ತು, ಅಂದರೆ ಡೇಟಾ ತಡವಿಲ್ಲದೆ ಬಂದ ಹಾಗೇ ಹೋಗುವ ಸೆಟ್ಟಿಂಗ್. ಎಕ್ಸ್‌ಚೇಂಜಿನಲ್ಲಿ ಹೇಳಿ ಇಂಟರ್‌ಲೀವ್ (ಡೇಟಾವನ್ನು ಚದುರಿಸಿ ಕಳಿಸುವ ಸೆಟ್ಟಿಂಗ್) ಹಾಕಿಸಿದರೆ ಇಂಥ ಚಿಕ್ಕ ಹೊಡೆತಗಳನ್ನು ಮೋಡೆಮ್ ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಪಿಂಗ್, ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಹೊತ್ತು, ಏರುತ್ತದೆ. ಹಳೇ ಜಾಯಿಂಟ್ ಇದ್ದಾಗ ಇಂಟರ್‌ಲೀವ್ ಹಾಕಿಸಿದ್ದರೆ ಆ ಗಂಟು ಇನ್ನೂ ಕೆಲವು ತಿಂಗಳು ಮರದ ಮೇಲೆ ಅಡಗಿ ಕೂರುತ್ತಿತ್ತು, ಹಾಗಾಗಿ ಮೊದಲು ಅದನ್ನು ಬೇಡ ಅಂದಿದ್ದೆ. ಈಗ ತಾಮ್ರ ಚೊಕ್ಕವಾಗಿದೆ, ಬೇಕಾದರೆ ಹಾಕಿಸಬಹುದು ಅಂದೆ. ಅವರು ಒಂದು ವಾರ ವಿಡಿಯೋ ಕಾಲ್ ಮಾಡಿ ನೋಡಿ, ಬೇಡ, ಹೀಗೇ ಇರಲಿ ಅಂದರು.